‘ರಾತ್ರಿ ಅಲ್ಲಿ ಮಲಗೋರು ಯಾರು?’: ಮನೆಯನ್ನು ಅತಿಥಿಗೃಹ ಮಾಡಲು ಝೋನಿಂಗ್ ಸಲಹೆ ಪಡೆದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ 4 ಸ್ಟಾರ್. ಉಳಿದ ಒಂದು ಸ್ಟಾರ್ ಎಲ್ಲಿ ಹೋಯಿತು ಅನ್ನೋದನ್ನೂ ಹೇಳುತ್ತೇನೆ, ನಿಮಗೆ ಜಾಸ್ತಿ ಉಪಯೋಗಕ್ಕೆ ಬರೋದು ಬಹುಶಃ ಅದೇ.

ಸೇವೆ ಏನು ಅಂದರೆ, ವಾಸದ ಮನೆಯನ್ನು ಗೆಸ್ಟ್ ಹೌಸ್, ಹೋಮ್‌ಸ್ಟೇ ತರಹ ಏನಾದರೂ ಮಾಡಬೇಕು ಅನ್ನುವವರಿಗೆ ಆ ಜಾಗದ ವಲಯ ನಿಯಮ (ಝೋನಿಂಗ್, ಅಂದರೆ ಊರಿನ ಯಾವ ಭಾಗದಲ್ಲಿ ಯಾವ ಬಳಕೆ ನಡೆಯಬಹುದು ಅನ್ನುವ ನಿಯಮ) ಅದಕ್ಕೆ ಒಪ್ಪುತ್ತದೋ ಇಲ್ಲವೋ ನೋಡಿ ಲಿಖಿತ ವರದಿ ಕೊಡುತ್ತಾರೆ. ಬೇಕೆಂದರೆ ಅರ್ಜಿ ತಯಾರಿಸುತ್ತಾರೆ, ಸಾರ್ವಜನಿಕ ವಿಚಾರಣೆಗೂ ಜೊತೆಗೆ ಬರುತ್ತಾರೆ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ದೂರುಗಳಿವೆ, ಆದರೆ ಹೆಸರು ಕೆಡಿಸುವಷ್ಟು ದೊಡ್ಡವಲ್ಲ. ಇಂಥ ಕೆಲಸ ಮಾಡುವವರು ಎಲ್ಲ ಕಡೆ ಸಿಗುತ್ತಾರೆ, ಅವರ ಹತ್ತಿರ ಏನು ಕೇಳಬೇಕು, ಏನು ಕೇಳಿದರೂ ಸಿಗೋದಿಲ್ಲ ಅನ್ನೋದು ಗೊತ್ತಿದ್ದರೆ ಸಾಕು.

ನಮ್ಮ ಕಥೆ ಚಿಕ್ಕದು. ಅಪ್ಪ ಕಟ್ಟಿಸಿದ ಮನೆ, ಮೇಲೆ ಕೆಳಗೆ ಸೇರಿ 6 ಕೋಣೆ. ಅಪ್ಪ ಅಮ್ಮ ಹೋದ ಮೇಲೆ ಖಾಲಿ ಬಿದ್ದಿತ್ತು. ನಾನು ಬೇರೆ ಮನೆಯಲ್ಲಿದ್ದೆ. ‘ಅಣ್ಣಾ, ಸುಮ್ನೆ ಬೀಗ ಹಾಕಿ ಇಡೋ ಬದಲು ಬಂದು ಹೋಗೋರಿಗೆ ಕೊಡೋಣ’ ಅಂತ ತಂಗಿ ಹೇಳಿದಳು. ನನಗೂ ಸರಿ ಅನ್ನಿಸಿತು. ಆಮೇಲೆ ನಾವು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಹಾಸಿಗೆ ತಂದೆವು, ಪರದೆ ಹೊಲಿಸಿದೆವು, ಗೇಟಿನ ಮೇಲೆ ಹಾಕೋಕೆ ದೊಡ್ಡದೊಂದು ಬೋರ್ಡ್ ಬರೆಸಿದೆವು. ನಿಯಮ ನೋಡಬೇಕು ಅಂತ ಹೊಳೆದದ್ದು ಬೋರ್ಡ್ ಬಂದ ಮೇಲೆ. ಅದೂ ನಮಗಲ್ಲ, ಪಕ್ಕದ ಮನೆಯವರಿಗೆ. ‘ಇಲ್ಲಿ ಹೀಗೆಲ್ಲ ಮಾಡಬಹುದಾ?’ ಅಂತ ಅವರು ಕೇಳಿದರು. ಉತ್ತರ ಇರಲಿಲ್ಲ.

ಸಲಹಾ ಸಂಸ್ಥೆಗೆ ಫೋನ್ ಮಾಡಿದೆ. ಒಬ್ಬ ಮೇಡಂ ಮಾತಾಡಿದರು. ನಾನು ಕೋಣೆ ಎಷ್ಟಿದೆ, ತೋಟ ಎಷ್ಟು ಚೆನ್ನಾಗಿದೆ, ಬಾತ್‌ರೂಮ್ ಹೇಗೆ ಹೊಸದು ಮಾಡಿಸಿದ್ದೇವೆ ಅಂತ ಶುರು ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಸರ್, ರಾತ್ರಿ ಅಲ್ಲಿ ಮಲಗೋರು ಯಾರು?’

ಅತಿಥಿಗಳು, ಇನ್ನಾರು, ಅಂದೆ.

‘ನೀವು?’

‘ನಾನು ನನ್ನ ಮನೆಯಲ್ಲಿ.’

‘ಹಾಗಾದರೆ ಸ್ವಲ್ಪ ಕಷ್ಟ ಇದೆ ಸರ್’ ಅಂದರು.

ಆ ಒಂದು ಪ್ರಶ್ನೆಗೆ ನಾನು ಅರ್ಧ ಸ್ಟಾರ್ ಕೊಡುತ್ತೇನೆ. ಯಾಕೆಂದರೆ ಮುಂದಿನ ಹನ್ನೊಂದು ತಿಂಗಳಲ್ಲಿ ನಾನು ಓದಿದ, ಕೇಳಿದ, ಬೈದುಕೊಂಡ ನಿಯಮಗಳೆಲ್ಲ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತಿದ್ದವು. ವಲಯ ನಿಯಮಕ್ಕೆ ನಿಮ್ಮ ಮನೆ ನೋಡೋಕೆ ಹೇಗಿದೆ ಅನ್ನೋದು ಅಷ್ಟಾಗಿ ಬೇಕಿಲ್ಲ. ಒಳಗೆ ಏನು ನಡೆಯುತ್ತದೆ, ಯಾರು ಎಷ್ಟು ರಾತ್ರಿ ಇರುತ್ತಾರೆ, ಮನೆಯ ಯಜಮಾನ ಅಲ್ಲೇ ಇರುತ್ತಾನಾ ಅನ್ನೋದು ಬೇಕು.

ಮೊದಲು ನನಗೆ ಸಿಟ್ಟೇ ಬಂತು. ಮನೆ ನಮ್ಮದು, ತೆರಿಗೆ ಕಟ್ಟುತ್ತೇವೆ, ಒಳಗೆ ಯಾರು ಮಲಗಿದರೆ ಇವರಿಗೇನು? ಈ ಜಗಳ ಹೊಸದಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ಊರಿಗೆ ಅನ್ವಯಿಸುವ ವಲಯ ನಿಯಮ ತಂದಿತು. ಹಿಂದಿನ ವರ್ಷ ಎದ್ದ ಈಕ್ವಿಟಬಲ್ ಅನ್ನುವ ಗಗನಚುಂಬಿ ಕಟ್ಟಡ ಸುತ್ತಲಿನ ಬೀದಿಗಳ ಬೆಳಕನ್ನೇ ನುಂಗಿಬಿಟ್ಟಿದ್ದು ಅದಕ್ಕೊಂದು ಕಾರಣ. ಹತ್ತು ವರ್ಷದ ನಂತರ, 1926ರಲ್ಲಿ, ಓಹಾಯೋದ ಯೂಕ್ಲಿಡ್ ಅನ್ನುವ ಸಣ್ಣ ಊರಿನ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಜಮೀನಿನ ಕಂಪನಿಯೊಂದು ‘ನಮ್ಮ ಜಾಗ, ನಮ್ಮ ಇಷ್ಟ’ ಅಂದಿತು. ಕೋರ್ಟು ಊರಿನ ಪರ ನಿಂತಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಕೊಟ್ಟ ಹೋಲಿಕೆ ನನಗೆ ಬಹಳ ಹಿಡಿಸಿತು: ಉಪದ್ರವ ಅನ್ನೋದು ಎಷ್ಟೋ ಸಲ ಸರಿಯಾದ ವಸ್ತುವೇ, ಇರಬಾರದ ಜಾಗದಲ್ಲಿ ಇರುತ್ತದೆ ಅಷ್ಟೇ, ಕೊಟ್ಟಿಗೆಯಲ್ಲಿ ಇರಬೇಕಾದ ಹಂದಿ ನಡುಮನೆಗೆ ಬಂದ ಹಾಗೆ. ಅದೇ ತೀರ್ಪು ಮನೆಗಳ ನಡುವೆ ಎದ್ದ ಅಪಾರ್ಟ್‌ಮೆಂಟನ್ನು ಪರಾವಲಂಬಿ ಅಂತಲೂ ಕರೆದಿದೆ, ಅದು ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಆದರೆ ಪಕ್ಕದ ಮನೆಯವರ ಮುಖ ನೆನಪಾದಾಗ ಹಂದಿಯ ಮಾತು ಮಾತ್ರ ಸರಿಯಾಗಿ ತಟ್ಟಿತು. ನಮ್ಮ ಬೋರ್ಡೇ ಆ ಹಂದಿ.

ಎರಡು ವಾರದಲ್ಲಿ ವರದಿ ಕೊಡುತ್ತೇವೆ ಅಂದವರು ಐದು ವಾರ ತೆಗೆದುಕೊಂಡರು. ಅದಕ್ಕೆ ಕಾಲು ಸ್ಟಾರ್ ಕಟ್. ವರದಿ 34 ಪುಟ ಇತ್ತು, ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ನಿಯಮ ಪುಸ್ತಕದಿಂದ ಎತ್ತಿ ಹಾಕಿದ್ದು. ತೂಕ ತೋರಿಸೋಕೆ ಹೀಗೆ ಮಾಡುತ್ತಾರೆ ಅನ್ನಿಸುತ್ತದೆ. ಆದರೆ ಉಳಿದ ಹತ್ತು ಹನ್ನೆರಡು ಪುಟ ಇದೆಯಲ್ಲ, ಅದು ನಿಜವಾದ ಕೆಲಸ.

ಒಂದು ವಿಷಯ ಅವರಿಂದಲೇ ಕಲಿತದ್ದು. ನಾವೆಲ್ಲ ಮೊದಲು ನಕ್ಷೆ ನೋಡುತ್ತೇವೆ. ನಕ್ಷೆಯಲ್ಲಿ ನಮ್ಮ ಜಾಗ ಯಾವ ಬಣ್ಣದಲ್ಲಿದೆ, ವಸತಿ ವಲಯವೋ ವಾಣಿಜ್ಯ ವಲಯವೋ ಮಿಶ್ರ ವಲಯವೋ ನೋಡಿ, ಆಯಿತು ಅಥವಾ ಆಗಲ್ಲ ಅಂತ ತೀರ್ಮಾನ ಮಾಡಿಬಿಡುತ್ತೇವೆ. ಮೇಡಂ ನಮ್ಮನ್ನು ಓದಿಸಿದ್ದು ವ್ಯಾಖ್ಯೆಗಳ ಅಧ್ಯಾಯ, ಯಾರೂ ಓದದ ಬೋರು ಹೊಡೆಸುವ ಅಧ್ಯಾಯ. ‘ವಾಸದ ಮನೆ’ ಅಂದರೆ ಏನು, ‘ಕುಟುಂಬ’ ಅಂದರೆ ಯಾರು, ‘ತಾತ್ಕಾಲಿಕ ತಂಗುವಿಕೆ’ ಎಷ್ಟು ದಿನದವರೆಗೆ, ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ಗೂ ‘ಲಾಡ್ಜಿಂಗ್’ಗೂ ‘ಹೋಟೆಲ್’ಗೂ ಗೆರೆ ಎಲ್ಲಿ, ಎಲ್ಲ ಅಲ್ಲೇ ಇರುತ್ತದೆ. ನೀವು ನಿಮ್ಮ ವ್ಯವಹಾರಕ್ಕೆ ಹೋಮ್‌ಸ್ಟೇ ಅಂತ ಎಷ್ಟು ಪ್ರೀತಿಯಿಂದ ಹೆಸರಿಟ್ಟರೂ ಪುಸ್ತಕ ತನಗೆ ಬೇಕಾದ ಹೆಸರಲ್ಲೇ ಕರೆಯುತ್ತದೆ. ಯಜಮಾನ ಇಲ್ಲದ 6 ಕೋಣೆಯ ನಮ್ಮ ಯೋಜನೆಗೆ ನಮ್ಮ ನಿಯಮ ಪುಸ್ತಕ ಕೊಟ್ಟ ಹೆಸರು ಹೋಟೆಲ್. ವಸತಿ ವಲಯದಲ್ಲಿ ಹೋಟೆಲ್‌ಗೆ ಜಾಗ ಇಲ್ಲ. ಮುಗಿಯಿತು.

ಇಂಗ್ಲೆಂಡಿನಲ್ಲೂ ಇದೇ ಆಟ, ಬೇರೆ ಹೆಸರಿನಲ್ಲಿ. 1987ರ ಆದೇಶವೊಂದು ಕಟ್ಟಡದ ಬಳಕೆಗಳನ್ನು ವರ್ಗ ಮಾಡಿ ಇಟ್ಟಿದೆ. ವಾಸದ ಮನೆ ಸಿ3, ಹೋಟೆಲ್ ಮತ್ತು ಗೆಸ್ಟ್ ಹೌಸ್ ಸಿ1. ಅಲ್ಲಿ ಪ್ರಶ್ನೆ, ಬಳಕೆಯಲ್ಲಿ ಗಣನೀಯ ಬದಲಾವಣೆ ಆಯಿತೋ ಇಲ್ಲವೋ ಅನ್ನೋದು. ಒಂದು ಕೋಣೆ ಆಗಾಗ ಬಾಡಿಗೆಗೆ ಕೊಟ್ಟರೆ ಮನೆ ಮನೆಯಾಗೇ ಇರಬಹುದು, ವಾರವಾರ ಹೊಸ ಗುಂಪು ಬರತೊಡಗಿದರೆ ಗೋಡೆ ಒಂದಿಂಚು ಕದಲದಿದ್ದರೂ ಅದು ಬೇರೆ ಬಳಕೆ ಆಗಬಹುದು. ಗೋಡೆ ಮುಟ್ಟದೆ ಮನೆ ಬದಲಾಗುತ್ತದೆ ಅನ್ನೋದು ತಂಗಿಗೆ ಅರ್ಥ ಮಾಡಿಸೋಕೆ ನನಗೆ ಒಂದು ಸಂಜೆ ಬೇಕಾಯಿತು. ‘ನಾವೇನೂ ಕಟ್ಟಿಲ್ವಲ್ಲ ಅಣ್ಣಾ’ ಅನ್ನುತ್ತಲೇ ಇದ್ದಳು.

ಆಮೇಲೆ ನಾನು ಸಹಜವಾಗಿ ಆ ಮಾತು ತೆಗೆದೆ. ‘ಮೇಡಂ, ಬೇರೆ ಕಡೆ ಎಲ್ಲರೂ ಮಾಡ್ತಿದ್ದಾರಲ್ಲ?’ ಅವರು ನಕ್ಕರು. ಈ ಪ್ರಶ್ನೆ ದಿನಾ ಕೇಳುತ್ತಾರೋ ಏನೋ, ಉತ್ತರ ಬಾಯಲ್ಲೇ ಇತ್ತು. ನ್ಯೂಯಾರ್ಕ್‌ನಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡೋದಾದರೆ ಮನೆಯವರು ಜೊತೆಗೇ ಇರಬೇಕು, ಇಬ್ಬರಿಗಿಂತ ಜಾಸ್ತಿ ಅತಿಥಿ ಇರಬಾರದು, ನೋಂದಣಿ ಇಲ್ಲದ ಮನೆಯ ಬುಕಿಂಗನ್ನು ಆ್ಯಪ್‌ಗಳೇ ತೆಗೆದುಕೊಳ್ಳುವಂತಿಲ್ಲ. 2023ರ ಸೆಪ್ಟೆಂಬರ್‌ನಿಂದ ಇದನ್ನು ಗಟ್ಟಿಯಾಗಿ ಜಾರಿ ಮಾಡುತ್ತಿದ್ದಾರೆ. ಲಂಡನ್ನಿನಲ್ಲಿ ಇಡೀ ಮನೆ ಕೊಡೋದಾದರೆ ವರ್ಷಕ್ಕೆ 90 ರಾತ್ರಿ, ಅದಕ್ಕಿಂತ ಹೆಚ್ಚಿಗೆ ಯೋಜನಾ ಅನುಮತಿ ಬೇಕು. ಎಡಿನ್‌ಬರೋ 2022ರ ಸೆಪ್ಟೆಂಬರ್‌ನಲ್ಲಿ ಇಡೀ ನಗರವನ್ನೇ ನಿಯಂತ್ರಣ ಪ್ರದೇಶ ಮಾಡಿತು, ನೀವು ವಾಸ ಇಲ್ಲದ ಮನೆಯನ್ನು ಪೂರ್ತಿಯಾಗಿ ಪ್ರವಾಸಿಗರಿಗೆ ಕೊಡೋದು ಅಲ್ಲಿ ಬಳಕೆ ಬದಲಾವಣೆಯೇ. ಸಿಂಗಾಪುರದಲ್ಲಿ ಖಾಸಗಿ ಮನೆಯನ್ನು 3 ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವಂತೆಯೇ ಇಲ್ಲ. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿದೆ, ಅಲ್ಲಿರುವ 10,101 ಪ್ರವಾಸಿ ಅಪಾರ್ಟ್‌ಮೆಂಟ್ ಪರವಾನಗಿಗಳನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಅಂತ ನಗರದ ಮೇಯರ್ 2024ರಲ್ಲಿ ಘೋಷಿಸಿದರು.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸಿದ್ದು ಜಪಾನ್. ಅಲ್ಲಿ 2018ರ ಜೂನ್‌ನಿಂದ ಜಾರಿಯಾದ ಕಾನೂನಿನ ಪ್ರಕಾರ ಮನೆಯನ್ನು ವರ್ಷಕ್ಕೆ 180 ದಿನದವರೆಗೆ ಅತಿಥಿಗಳಿಗೆ ಕೊಡಬಹುದು. ಆದರೆ ಸ್ಥಳೀಯ ಆಡಳಿತ ಇದನ್ನು ಇನ್ನೂ ಬಿಗಿ ಮಾಡಬಹುದು. ಕ್ಯೋಟೋ ನಗರ ಏನು ಮಾಡಿತು ಗೊತ್ತಾ? ವಾಸಕ್ಕೇ ಮೀಸಲಾದ ವಲಯಗಳಲ್ಲಿ, ಯಜಮಾನರು ಇಲ್ಲದ ಮನೆಗಳಿಗೆ, ಜನವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಅವಕಾಶ ಕೊಟ್ಟಿತು. ಅಂದರೆ ಚಳಿಯಲ್ಲಿ, ಪ್ರವಾಸಿಗರು ಕಡಿಮೆ ಬರುವ ಕಾಲದಲ್ಲಿ. ಇಲ್ಲ ಅಂತ ಹೇಳದೆ ಇಲ್ಲ ಅನ್ನೋದು ಅಂದರೆ ಇದೇ ಅಲ್ವಾ? ಅಲ್ಲೂ ನೋಡಿ, ಪ್ರಶ್ನೆ ಅದೇ: ಯಜಮಾನ ಒಳಗಿದ್ದಾನಾ?

ಯಜಮಾನ ಇರಬೇಕು ಅಂತ ಯಾಕೆ ಇಷ್ಟು ಹಟ ಅಂತ ಕೇಳಿದೆ. ಮೇಡಂ ಹೇಳಿದ್ದು ಬಹಳ ಸರಳ. ರಾತ್ರಿ ಹನ್ನೊಂದಕ್ಕೆ ಗಲಾಟೆಯಾದರೆ ಪಕ್ಕದವರು ಬಾಗಿಲು ತಟ್ಟೋಕೆ ಒಂದು ಮುಖ ಬೇಕು. ಇನ್ನೊಂದು ಕಾರಣ ನಾನೇ ಊಹಿಸಿದ್ದು, ಯಜಮಾನ ಅಲ್ಲೇ ಮಲಗೋದಾದರೆ ಆ ಮನೆ ಬಾಡಿಗೆ ಮಾರುಕಟ್ಟೆಯಿಂದ ಪೂರ್ತಿ ಕಳೆದುಹೋಗುವುದಿಲ್ಲ. ಬಾರ್ಸಿಲೋನಾದವರ ಸಿಟ್ಟು ಇದರ ಮೇಲೇ, ಊರಿನವರಿಗೆ ಬಾಡಿಗೆಗೆ ಮನೆ ಸಿಗುತ್ತಿಲ್ಲ ಅಂತ.

ಇನ್ನೊಂದು ಸಂಗತಿ, 5 ಅನ್ನುವ ಅಂಕಿ. ಅಮೆರಿಕದ ಬಹಳಷ್ಟು ಕಡೆ ಅನುಸರಿಸುವ ಕಟ್ಟಡ ಸಂಹಿತೆಯಲ್ಲಿ ಯಜಮಾನರು ವಾಸವಿರುವ, 5 ಅಥವಾ ಕಡಿಮೆ ಅತಿಥಿ ಕೋಣೆ ಇರುವ ಸಣ್ಣ ವಸತಿಗೃಹಗಳನ್ನು ಹೋಟೆಲ್‌ಗಳ ಗುಂಪಿಗೆ ಸೇರಿಸದೆ ಮನೆಯ ಹತ್ತಿರ ಇಡುತ್ತಾರೆ. ಅಂಗವಿಕಲರ ಹಕ್ಕಿನ 1990ರ ಅಮೆರಿಕನ್ ಕಾನೂನಿನಲ್ಲೂ ಯಜಮಾನರು ವಾಸವಿದ್ದು 5ಕ್ಕಿಂತ ಜಾಸ್ತಿ ಬಾಡಿಗೆ ಕೋಣೆ ಇಲ್ಲದ ಕಟ್ಟಡಕ್ಕೆ ವಿನಾಯಿತಿ ಇದೆ. ನಮ್ಮ ನಿಯಮ ಪುಸ್ತಕದಲ್ಲೂ ಗೆರೆ 5ಕ್ಕೇ ಎಳೆದಿದ್ದರು. ಯಾರು ಯಾರಿಂದ ನೋಡಿ ಬರೆದರೋ. ಹಾಗಾಗಿ 6 ಕೋಣೆ ಇಟ್ಟುಕೊಂಡು ಆರನ್ನೂ ಕೊಡುತ್ತೇನೆ ಅಂತ ಹೊರಟವನು ಒಂದು ಕೋಣೆ ಬಿಟ್ಟುಕೊಟ್ಟು ತಾನೇ ಅಲ್ಲಿ ಮಲಗಿದರೆ ಒಂದೇ ಏಟಿಗೆ ಎರಡು ಗೆರೆ ದಾಟಿದ ಹಾಗೆ. ವರದಿಯ ಮುಖ್ಯ ಸಲಹೆ ಅದೇ ಇತ್ತು: ನೀವು ಬಂದು ಇಲ್ಲಿರಿ, 5 ಕೋಣೆ ಕೊಡಿ, ಷರತ್ತುಬದ್ಧ ಬಳಕೆಗೆ ಅರ್ಜಿ ಹಾಕಿ.

ಷರತ್ತುಬದ್ಧ ಬಳಕೆ ಅನ್ನೋದರ ಬಗ್ಗೆ ಎರಡು ಮಾತು. ಬಳಕೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಬಗೆ ಇರುತ್ತವೆ. ಕೇಳದೆ ಮಾಡಬಹುದಾದ್ದು, ಕೇಳಿ ಮಾಡಬೇಕಾದ್ದು, ಮಾಡಲೇಬಾರದ್ದು. ನಾವು ನಡುವಿನ ಬಗೆಗೆ ಬಂದೆವು. ನಾನು ಮೊದಲು ‘ವಲಯವನ್ನೇ ಬದಲಾಯಿಸಿಕೊಡಿ, ಇಲ್ಲ ನಮಗೊಂದು ವಿನಾಯಿತಿ ಕೊಡಿಸಿ’ ಅಂದಿದ್ದೆ. ಎರಡೂ ಬೇಡ ಅಂದರು. ಒಂದು ಮನೆಗೋಸ್ಕರ ವಲಯ ಬದಲಾಯಿಸಿದರೆ ಅದು ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ವಿನಾಯಿತಿ ಇರೋದು ಜಾಗದ್ದೇ ಏನೋ ವಿಚಿತ್ರ ಇದ್ದಾಗ, ಸೈಟು ಓರೆಕೋರೆ ಇದೆ, ಬಂಡೆ ಇದೆ, ಇಳಿಜಾರು ಇದೆ ಅನ್ನುವಾಗ. ‘ನನಗೆ ಜಾಸ್ತಿ ದುಡ್ಡು ಬರುತ್ತಿತ್ತು’ ಅನ್ನೋದು ತೊಂದರೆ ಅಂತ ಲೆಕ್ಕಕ್ಕೆ ಬರೋದಿಲ್ಲ. ಈ ಬುದ್ಧಿ ಹೇಳಿ ನನ್ನ ಎರಡು ಅರ್ಜಿಗಳ ಖರ್ಚು ಉಳಿಸಿದರು, ಇದಕ್ಕೆ ಪೂರ್ತಿ ಅಂಕ. ತಮ್ಮ ಬಿಲ್ ಹೆಚ್ಚಿಸಿಕೊಳ್ಳೋಕೆ ಸುಮ್ಮನೆ ಹಾಕಿಸಬಹುದಿತ್ತು, ಹಾಕಿಸಲಿಲ್ಲ.

ಈಗ ಜಗಳದ ಭಾಗಕ್ಕೆ ಬರುತ್ತೇನೆ. ಪಾರ್ಕಿಂಗ್.

ವರದಿಯಲ್ಲಿ ಎರಡು ಅತಿಥಿ ಕೋಣೆಗೆ ಒಂದು ಕಾರಿನ ಜಾಗ, ಜೊತೆಗೆ ಯಜಮಾನರಿಗೆ ಒಂದು ಅಂತ ಬರೆದಿದ್ದರು. 5 ಕೋಣೆಗೆ ಮೂರು, ನನಗೊಂದು, ಒಟ್ಟು ನಾಲ್ಕು. ನಮ್ಮಲ್ಲಿ ಹೇಗೆ ಹೊಂದಿಸಿದರೂ ಐದು ನಿಲ್ಲುತ್ತವೆ, ಹಾಗಾಗಿ ನೆಮ್ಮದಿಯಾಗಿದ್ದೆ. ಅರ್ಜಿಗೆ ಮುಂಚಿನ ಭೇಟಿಗೆ ಯೋಜನಾ ಕಚೇರಿಗೆ ಹೋದಾಗ ಅಲ್ಲಿನ ಅಧಿಕಾರಿ ಪುಟ ತಿರುಗಿಸಿ ನೋಡಿ, ‘ಇದು ಹಳೇ ಕೋಷ್ಟಕ, ತಿದ್ದುಪಡಿಯಾಗಿದೆ, ಈಗ ಕೋಣೆಗೊಂದು’ ಅಂದರು. 5 ಕೋಣೆಗೆ ಐದು, ನನಗೊಂದು, ಆರು. ನಮ್ಮಲ್ಲಿ ಐದೇ. ಮೇಡಂ ಮುಖ ಕೆಂಪಾಯಿತು. ಅವರ ಸಹಾಯಕರು ಹಳೆಯ ಪ್ರತಿಯಿಂದ ಎತ್ತಿದ್ದರಂತೆ. ಅಲ್ಲ ಸ್ವಾಮಿ, ನಾವು ದುಡ್ಡು ಕೊಡೋದೇ ಹೊಸ ಪುಸ್ತಕ ಓದೋಕೆ ಅಲ್ವಾ? ತಪ್ಪು ಒಪ್ಪಿಕೊಂಡರು, ಆ ಭಾಗದ ಶುಲ್ಕ ಬಿಟ್ಟರು, ಸರಿ. ಆದರೆ ನನ್ನ ಒಂದು ಕೋಣೆ ಅಲ್ಲೇ ಹೋಯಿತು.

ಮುಂದಿನ ತೋಟ ತೆಗೆದು ಕಾಂಕ್ರೀಟ್ ಹಾಕಿಬಿಡೋಣ, ಇನ್ನೊಂದು ಕಾರು ನಿಲ್ಲುತ್ತದೆ ಅಂತ ನಾನು ಅಲ್ಲೇ ಹೇಳಿದೆ. ಆಗೋದಿಲ್ಲ. ರಸ್ತೆ ಕಡೆ ಕಟ್ಟದೆ ಖಾಲಿ ಬಿಡಬೇಕಾದ ಜಾಗದಲ್ಲಿ, ಅಂದರೆ ಸೆಟ್‌ಬ್ಯಾಕ್‌ನಲ್ಲಿ ಅತಿಥಿಗಳ ಪಾರ್ಕಿಂಗ್ ಇಡುವಂತಿಲ್ಲ, ಮೇಲಾಗಿ ಸೈಟಿನ ಇಂತಿಷ್ಟು ಭಾಗ ಮಳೆನೀರು ಇಂಗುವ ಮಣ್ಣಾಗಿಯೇ ಇರಬೇಕು. ಒಂದು ನಿಯಮ ಕಾರಿಗೆ ಜಾಗ ಮಾಡು ಅನ್ನುತ್ತದೆ, ಇನ್ನೊಂದು ಮಣ್ಣು ಮುಟ್ಟಬೇಡ ಅನ್ನುತ್ತದೆ. ಎರಡರ ನಡುವೆ ಎಷ್ಟು ಕೋಣೆ ಉಳಿಯುತ್ತದೋ ಅಷ್ಟೇ ನಿಮ್ಮ ವ್ಯವಹಾರ. ನೀವು ಕೋಣೆ ಎಣಿಸಿ ಆದಾಯದ ಲೆಕ್ಕ ಹಾಕುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ಹೊರಗೆ ಹೋಗಿ ಟೇಪು ಹಿಡಿದು ಕಾರು ಎಣಿಸಿ. ನಮ್ಮ 6 ಕೋಣೆ ಮನೆಯನ್ನು 4 ಕೋಣೆ ಮಾಡಿದ್ದು ಅಂಗಳ.

ಮೇಲಿನ ಹಿಂದಿನ ಕೋಣೆ ಹೇಗಿದ್ದರೂ ಬೀಳುತ್ತಿತ್ತು ಅನ್ನಿ. ಅದರ ಕಿಟಕಿ ಸಣ್ಣದು, ಅದಕ್ಕೆ ಬೆಸುಗೆ ಹಾಕಿದ ಕಬ್ಬಿಣದ ಸರಳು ಬೇರೆ. ಮಲಗುವ ಕೋಣೆಯಿಂದ ಬೆಂಕಿಯ ಹೊತ್ತಿನಲ್ಲಿ ಹೊರಗೆ ಹಾರೋಕೆ ದಾರಿ ಇರಬೇಕು ಅನ್ನೋದು ಬಹಳಷ್ಟು ಕಟ್ಟಡ ಸಂಹಿತೆಗಳಲ್ಲಿದೆ. ಅಮೆರಿಕದ ಮನೆಗಳ ಸಂಹಿತೆಯಲ್ಲಿ ಇದಕ್ಕೆ ಅಳತೆಯೇ ಇದೆ, ಕಿಟಕಿ ತೆರೆದಾಗ ಕನಿಷ್ಠ 5.7 ಚದರ ಅಡಿ ಬಯಲು ಸಿಗಬೇಕು, ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಅಪ್ಪ ಕಳ್ಳರಿಗೆ ಹೆದರಿ ಹಾಕಿಸಿದ ಸರಳು ಅದು. ನಾವು ಮಕ್ಕಳಾಗಿ ಅದೇ ಕೋಣೆಯಲ್ಲಿ ಎಷ್ಟು ವರ್ಷ ಮಲಗಿದ್ದೇವೆ. ಯಾರೂ ಯೋಚಿಸಿರಲಿಲ್ಲ. ಈಗ ಆ ಕೋಣೆ ಸಾಮಾನಿನ ಕೋಣೆ.

ಇಲ್ಲಿ ಎಚ್ಚರ ಇರಲಿ: ವಲಯ ನಿಯಮ ಒಂದು ಪುಸ್ತಕ, ಕಟ್ಟಡ ಮತ್ತು ಬೆಂಕಿಯ ನಿಯಮ ಇನ್ನೊಂದು ಪುಸ್ತಕ. ಮನೆ ಕಟ್ಟಿದಾಗಿನ ನಿಯಮ ಮನೆಯಾಗಿರುವವರೆಗೆ ನಡೆಯುತ್ತದೆ. ಬಳಕೆಯ ವರ್ಗ ಬದಲಾಯಿಸಿದ ದಿನ ಇವತ್ತಿನ ನಿಯಮ ಬಾಗಿಲಿಗೆ ಬಂದು ನಿಲ್ಲುತ್ತದೆ. ಹೊಗೆ ಎಚ್ಚರಿಕೆಯ ಅಲಾರಂ, ಮೆಟ್ಟಿಲ ಪಕ್ಕದ ಹಿಡಿಕಂಬಿ, ಹೊರದಾರಿಯ ದೀಪ, ಎಲ್ಲ. ಚರಂಡಿ ಸಂಪರ್ಕ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಇರುವವರು ಅದನ್ನೂ ನೋಡಿಸಿ, ಎಷ್ಟೋ ಕಡೆ ಟ್ಯಾಂಕಿನ ಅಳತೆ ಮಲಗುವ ಕೋಣೆಗಳ ಲೆಕ್ಕದ ಮೇಲೆ ನಿಂತಿರುತ್ತದೆ.

ತೋಟದಲ್ಲಿ ಮದುವೆ, ಹುಟ್ಟುಹಬ್ಬ ಮಾಡಿಸೋಣ ಅಂತ ತಂಗಿಗೆ ಆಸೆ ಇತ್ತು. ಅದಕ್ಕೆ ಸಿಕ್ಕಿದ ಉತ್ತರ ಬಹಳ ಚಿಕ್ಕದು, ಕಾರ್ಯಕ್ರಮ ನಡೆಸೋದು ಬೇರೆಯೇ ಬಳಕೆ, ಆ ಮಾತು ವಿಚಾರಣೆಯಲ್ಲಿ ಎತ್ತಲೂ ಬೇಡಿ. ತಂಗಿ ಎರಡು ದಿನ ಮಾತಾಡಲಿಲ್ಲ. ಉಳಿದುಕೊಂಡ ಅತಿಥಿಗಳಿಗೆ ತಿಂಡಿ ಕೊಡಬಹುದು, ಹೊರಗಿನವರಿಗೆ ಮಾರಿದರೆ ಅದು ಊಟತಿಂಡಿಯ ಹೋಟೆಲು, ಅಲ್ಲಿಗೆ ಮತ್ತೊಂದು ಹೆಸರು, ಮತ್ತೊಂದು ಸಾಲು.

ಹೋದ ಸ್ಟಾರ್‌ನ ದೊಡ್ಡ ಪಾಲು ಹೋದದ್ದು ಈಗ ಹೇಳುವ ವಿಷಯಕ್ಕೆ. ಅರ್ಜಿ ತಯಾರಾಗಿ, ಇನ್ನೇನು ಕೊಡಬೇಕು ಅನ್ನುವಾಗ ತಂಗಿ ಹಳೇ ಪೆಟ್ಟಿಗೆಯಿಂದ ಕ್ರಯಪತ್ರ ತೆಗೆದಳು. ಅದರಲ್ಲಿ ಒಂದು ಸಾಲು. ಬಡಾವಣೆ ಮಾಡಿದವರು ಸೈಟು ಮಾರುವಾಗಲೇ ಹಾಕಿದ್ದ ಷರತ್ತು: ವಾಸಕ್ಕಲ್ಲದೆ ಬೇರೆ ಉದ್ದೇಶಕ್ಕೆ ಬಳಸಕೂಡದು. ಮೇಡಂಗೆ ಫೋನ್ ಮಾಡಿದರೆ, ‘ಖಾಸಗಿ ಷರತ್ತು ನಮ್ಮ ವ್ಯಾಪ್ತಿಗೆ ಬರಲ್ಲ ಸರ್, ಒಪ್ಪಂದದಲ್ಲಿ ಬರೆದಿದ್ದೇವೆ’ ಅಂದರು. ತೆಗೆದು ನೋಡಿದೆ. ಬರೆದಿದ್ದರು, ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕಾನೂನಿನ ಪ್ರಕಾರ ಅವರು ಸರಿ ಇರಬಹುದು. ಆದರೆ ಮೊದಲ ದಿನ ‘ರಾತ್ರಿ ಮಲಗೋರು ಯಾರು’ ಅಂತ ಕೇಳುವಷ್ಟು ಜಾಣರಿಗೆ ‘ಕ್ರಯಪತ್ರ ಒಮ್ಮೆ ಓದಿ’ ಅಂತ ಹೇಳೋಕೆ ಎಷ್ಟು ಹೊತ್ತು ಬೇಕು? ಆಡಳಿತ ಅನುಮತಿ ಕೊಟ್ಟ ಮಾತ್ರಕ್ಕೆ ಪತ್ರದ ಷರತ್ತು ಬಿದ್ದುಹೋಗೋದಿಲ್ಲ, ಎರಡೂ ಬೇರೆ ಬೇರೆ ಬೀಗ. ನಿವಾಸಿಗಳ ಸಂಘದಿಂದ ಲಿಖಿತ ಒಪ್ಪಿಗೆ ಪಡೆಯೋಕೆ ನಮಗೆ ಐದು ತಿಂಗಳು ಹಿಡಿಯಿತು. ಒಪ್ಪಿದ್ದೂ ನಾನು ಅಲ್ಲೇ ಬಂದು ಇರುತ್ತೇನೆ ಅಂದ ಮೇಲೆ. ಮನೆ ಸಾಲ ಇರುವವರು ಬ್ಯಾಂಕಿನ ಷರತ್ತು, ವಿಮೆ ಇರುವವರು ಪಾಲಿಸಿಯ ಷರತ್ತು ಹೀಗೇ ತೆಗೆದು ಓದಿ, ಮನೆಯ ವಿಮೆ ವ್ಯವಹಾರದ ನಷ್ಟಕ್ಕೆ ಸಾಮಾನ್ಯವಾಗಿ ಬರೋದಿಲ್ಲ. ಇದನ್ನೂ ಅವರು ಹೇಳಲಿಲ್ಲ, ನಾನು ಹುಡುಕಿದ್ದು.

ವಿಚಾರಣೆಗೆ ಅವರು ಜೊತೆಗೆ ಬರೋದಕ್ಕೆ ಬೇರೆ ಶುಲ್ಕ. ಕೊಡಿ, ಯೋಚಿಸಬೇಡಿ. ನಾನು ಒಬ್ಬನೇ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಬೆವರುತ್ತದೆ. ನೋಟಿಸು ಸುತ್ತಲಿನ ಮನೆಗಳಿಗೆಲ್ಲ ಹೋಗಿತ್ತು, ಹನ್ನೆರಡು ಜನ ಬಂದಿದ್ದರು, ಅದರಲ್ಲಿ ಮೂವರು ನಾನು ಚಿಕ್ಕಂದಿನಿಂದ ನೋಡಿದವರು. ಕಾರು, ಗದ್ದಲ, ಗುರುತಿಲ್ಲದ ಮುಖ, ಇವೇ ಮೂರು ಮಾತು ಎಲ್ಲರ ಬಾಯಲ್ಲಿ. ನಾನು ಉತ್ತರ ಕೊಡೋಕೆ ಏಳುತ್ತಿದ್ದೆ, ಮೇಡಂ ತೋಳು ಹಿಡಿದು ಕೂರಿಸಿದರು. ‘ಅವರು ಹೇಳಿ ಮುಗಿಸಲಿ ಸರ್.’ ಆಮೇಲೆ ಮೇಡಂ ಎದ್ದು, ನೆರೆಯವರು ಹೇಳಿದ ಒಂದೊಂದಕ್ಕೂ ನಮ್ಮ ಕಡೆಯಿಂದಲೇ ಒಂದೊಂದು ಷರತ್ತು ಮುಂದಿಟ್ಟರು. ಅತಿಥಿ ಕೋಣೆ ನಾಲ್ಕೇ. ರಾತ್ರಿ ಹತ್ತರ ಮೇಲೆ ತೋಟ ಬಂದ್. ಕಾರ್ಯಕ್ರಮ ಇಲ್ಲ. ಕಾರು ಒಳಗೇ. ನನ್ನ ಫೋನ್ ನಂಬರ್ ಅಕ್ಕಪಕ್ಕದ ಎಲ್ಲ ಮನೆಗೆ. ಬೋರ್ಡ್ ಎರಡು ಅಂಗೈ ಅಗಲಕ್ಕಿಂತ ದೊಡ್ಡದು ಬೇಡ. ವಾದ ಮಾಡೋದಕ್ಕಿಂತ ಇದು ಎಷ್ಟು ಒಳ್ಳೆಯದು ಅಂತ ನಾನು ಅವತ್ತು ಕಂಡೆ. ಅನುಮತಿ ಸಿಕ್ಕಿತು, ಎಲ್ಲ ಷರತ್ತುಗಳ ಜೊತೆ.

ಕೊನೆಗೆ ಮೇಡಂ ಕಿವಿಯಲ್ಲಿ ಹಾಕಿದ ಒಂದು ಸೂಕ್ಷ್ಮ: ಭೂಬಳಕೆಯ ಅನುಮತಿ ಸಾಮಾನ್ಯವಾಗಿ ಜಾಗಕ್ಕೆ ಅಂಟಿರುತ್ತದೆ, ವ್ಯವಹಾರದ ಪರವಾನಗಿ ವ್ಯಕ್ತಿಗೆ. ಮುಂದೆ ಮನೆ ಮಾರಿದರೆ ಮೊದಲನೆಯದು ಹೊಸಬರ ಜೊತೆ ಹೋಗಬಹುದು, ಎರಡನೆಯದನ್ನು ಅವರು ಹೊಸದಾಗಿ ತೆಗೆಸಬೇಕು. ಹಾಗೇ, ಅನುಮತಿ ಇದೆ ಅಂತ ವರ್ಷಗಟ್ಟಲೆ ಬಳಸದೆ ಬಿಟ್ಟರೆ ಅದು ಸತ್ತುಹೋಗುವ ಸಾಧ್ಯತೆಯೂ ಇದೆ.

ಯಾರಿಗೆ ಈ ಸೇವೆ ಬೇಕು? ನಿಮ್ಮದೇ ಮನೆಯಲ್ಲಿ ಇದ್ದುಕೊಂಡು ಒಂದು ಕೋಣೆ ಅಪರೂಪಕ್ಕೆ ಕೊಡುವವರಿಗೆ ಬಹುಶಃ ಬೇಡ. ವ್ಯಾಖ್ಯೆಗಳ ಅಧ್ಯಾಯ, ಬಳಕೆಯ ಪಟ್ಟಿ ಓದಿ, ಕಚೇರಿಗೆ ಹೋಗಿ ಕೇಳಿ, ಎಷ್ಟೋ ಕಡೆ ಆ ಮೊದಲ ಭೇಟಿಗೆ ದುಡ್ಡೂ ಕೇಳಲ್ಲ. ಅತಿಥಿಗೃಹ ಮಾಡಬೇಕು ಅಂತಲೇ ಮನೆ ಕೊಳ್ಳೋಕೆ ಹೊರಟವರು ಮಾತ್ರ ಮುಂಗಡ ಕೊಡುವ ಮುಂಚೆಯೇ ಇಂಥವರ ಹತ್ತಿರ ಹೋಗಿ. ‘ಆಗಲ್ಲ’ ಅನ್ನುವ ಉತ್ತರ ಆಗ ಅಗ್ಗ.

ನಾನೀಗ ಆ ಮನೆಯಲ್ಲೇ ಇದ್ದೇನೆ, ಕೆಳಗಿನ ಮೂಲೆ ಕೋಣೆಯಲ್ಲಿ. ‘ನಿಮ್ಮ ಅತಿಥಿಗೃಹದ ಮೊದಲ ಅತಿಥಿ ನಾನೇ, ದುಡ್ಡೂ ಕೊಡಲ್ಲ, ಹೊರಡೋದೂ ಇಲ್ಲ’ ಅಂತ ಹೆಂಡತಿ ಹೇಳುತ್ತಾಳೆ. ಹೋದ ತಿಂಗಳು ರಾತ್ರಿ ಹತ್ತೂವರೆಗೆ ಪಕ್ಕದ ಮನೆಯವರು ಫೋನ್ ಮಾಡಿದರು, ಅತಿಥಿಗಳು ತೋಟದಲ್ಲಿ ಜೋರಾಗಿ ನಗುತ್ತಿದ್ದಾರೆ ಅಂತ. ಲುಂಗಿಯಲ್ಲೇ ಎದ್ದು ಹೋಗಿ ಹೇಳಿಬಂದೆ. ಎರಡು ನಿಮಿಷದ ಕೆಲಸ.

ಆ ದೊಡ್ಡ ಬೋರ್ಡ್ ಇನ್ನೂ ಮೇಲಿನ ಸಾಮಾನಿನ ಕೋಣೆಯಲ್ಲಿದೆ, ಗಟ್ಟಿ ಮರ, ಒಳ್ಳೆ ಬಣ್ಣ. ಯಾರಿಗಾದರೂ ಬೇಕಿದ್ದರೆ ಹೇಳಿ, ಹೆಸರು ಉಜ್ಜಿ ಕೊಡುತ್ತೇನೆ. ತೆಗೆದುಕೊಳ್ಳುವ ಮುಂಚೆ ನಿಮ್ಮ ವಲಯದಲ್ಲಿ ಬೋರ್ಡಿನ ಅಳತೆ ಎಷ್ಟಿರಬೇಕು ಅಂತ ಕೇಳಿಕೊಂಡು ಬನ್ನಿ.